ಯೂನಿಫಾರ್ಮ್ ಇಲ್ದೇ ದೇಶಸೇವೆ: ಕಾರವಾರದಲ್ಲಿ ಜನ ನಮ್ಮನ್ನ ಪದೇ ಪದೇ ಕೇಳೋ ಪ್ರಶ್ನೆಗಳು

ನಾವು ಒಂದು ಹದಿನೈದಿಪ್ಪತ್ತು ಜನ ಇದೀವಿ. ಟೀಚರ್ ಇದಾರೆ, ಬೈತಖೋಲದ ಮೀನುಗಾರರಿದಾರೆ, ಕೈಗಾದಲ್ಲಿ ಶಿಫ್ಟ್ ಡ್ಯೂಟಿ ಮಾಡೋರು, ಕಾಲೇಜ್ ಮಕ್ಕಳು, ರಿಟೈರ್ ಆದ ಮಾಜಿ ಸೈನಿಕರು ಇಬ್ರು. ಭಾನುವಾರ ಬೆಳಿಗ್ಗೆ ಬೀಚು, ಮಳೆಗಾಲದಲ್ಲಿ ನೆರೆ ಕೆಲಸ, ವರ್ಷಪೂರ್ತಿ ರಕ್ತಕ್ಕೆ ಬರೋ ಫೋನು. ಸಂಘ ಅಂತ ಹೆಸರಿಟ್ಟಿಲ್ಲ, ರಿಜಿಸ್ಟರೂ ಮಾಡಿಲ್ಲ. ಹೊಸಬರು ಬಂದಾಗೆಲ್ಲ ಹೆಚ್ಚುಕಡಿಮೆ ಅವೇ ಪ್ರಶ್ನೆ ಬರ್ತವೆ, ಹಾಗಾಗಿ ಎಲ್ಲ ಒಂದೇ ಕಡೆ ಬರೆದಿಡ್ತಾ ಇದೀನಿ.

ಪ್ರಶ್ನೆ: ದೇಶಸೇವೆ ಅಂದ್ರೆ ಆರ್ಮಿ, ನೇವಿ ಸೇರೂದಲ್ವಾ? ಕಸ ಹೆಕ್ಕಿದ್ರೆ ಅದು ಹೇಗೆ ದೇಶಸೇವೆ?

ಕಾರವಾರದಲ್ಲಿ ಈ ಪ್ರಶ್ನೆ ಬರೂದು ಸಹಜ. ಅರ್ಗಾ ಕಡೆ ಹೋದ್ರೆ ಕದಂಬ ನೌಕಾನೆಲೆ, ಬೀಚಿಗೆ ಹೋದ್ರೆ ಚಪಲ್ ಯುದ್ಧನೌಕೆ ಮ್ಯೂಸಿಯಂ, ಸಣ್ಣ ಮಕ್ಕಳಿಗೂ ದೇಶಸೇವೆ ಅಂದ ಕೂಡಲೇ ಬಿಳಿ ಯೂನಿಫಾರ್ಮೇ ಕಣ್ಣಿಗೆ ಬರೂದು. ಅದು ತಪ್ಪಲ್ಲ. ಸೇರೋಕೆ ಆಗೋರು ಸೇರ್ಲೇಬೇಕು, ನಮ್ಮ ಗ್ರೂಪಿನ ಇಬ್ರು ಹುಡುಗರು ಈಗ್ಲೂ ಬೆಳಿಗ್ಗೆ ಬೀಚ್ ಮೇಲೆ ಓಡಿ ಭರ್ತಿಗೆ ತಯಾರಿ ಮಾಡ್ತಾ ಇದಾರೆ.

ಆದ್ರೆ ಅದೇ ಚಪಲ್ ಹತ್ರ ಒಂದು ಪ್ರತಿಮೆ ಇದೆ ನೋಡಿ, ಮೇಜರ್ ರಾಮ ರಾಘೋಬಾ ರಾಣೆ ಅವರದ್ದು. 1918ರಲ್ಲಿ ಹುಟ್ಟಿದ ನಮ್ಮ ಚೆಂಡಿಯಾದವರು, ಪರಮವೀರ ಚಕ್ರ ಬದುಕಿದ್ದಾಗ್ಲೇ ಪಡೆದವರು. ಅವರಿಗೆ ಆ ಪದಕ ಯಾಕೆ ಬಂತು ಅಂತ ಕೇಳಿದ್ರೆ ಬೀಚಿಗೆ ಬರೋ ಹತ್ತರಲ್ಲಿ ಎಂಟು ಜನ ತುಂಬಾ ಶತ್ರುಗಳನ್ನ ಹೊಡೆದಿರ್ಬೇಕು ಅಂತಾರೆ. ಅಲ್ಲ. ಅವರು ಬಾಂಬೆ ಸ್ಯಾಪರ್ಸ್‌ನವರು, ಅಂದ್ರೆ ಇಂಜಿನಿಯರ್ ಪಡೆ. 1948ರ ಏಪ್ರಿಲ್ 8ರಿಂದ 11ರ ತನಕ, ಜಮ್ಮು-ಕಾಶ್ಮೀರದ ನೌಶೇರಾದಿಂದ ರಜೌರಿ ಕಡೆ ಹೋಗೋ ದಾರೀಲಿ ನಮ್ಮ ಟ್ಯಾಂಕುಗಳು ಮುಂದೆ ಹೋಗ್ಬೇಕಿತ್ತು, ದಾರಿ ತುಂಬಾ ನೆಲಬಾಂಬು, ಕಡಿದು ಅಡ್ಡ ಹಾಕಿದ ಮರ, ಬೀಳಿಸಿದ ಬಂಡೆ. ಮೊದಲ ದಿನವೇ ಅವರ ಪಡೆಯ ಮೇಲೆ ಶೆಲ್ ಬಿದ್ದು ಇಬ್ರು ಸತ್ರು, ಇವ್ರಿಗೂ ಗಾಯ ಆಯ್ತು. ಆದ್ರೂ ಮೇಲಿಂದ ಗುಂಡು ಬೀಳ್ತಾ ಇರುವಾಗ ಬಾಂಬು ತೆಗೀತಾ, ಮರ ಸಿಡಿಸ್ತಾ, ಹಗಲು ರಾತ್ರಿ ದಾರಿ ಬಿಡಿಸ್ತಾನೇ ಹೋದ್ರು. ಅವರು ಮಾಡಿದ್ದು ಅದೇ ಕೆಲಸ, ದಾರಿ ಬಿಡಿಸೂದು. ಅವರು ಪ್ರಾಣ ಒತ್ತೆ ಇಟ್ಟಿದ್ರು, ನಾವು ಇಡ್ತಾ ಇರೂದು ಭಾನುವಾರದ ನಿದ್ದೆ ಅಷ್ಟೇ, ಎರಡನ್ನೂ ಒಂದೇ ತಕ್ಕಡೀಲಿ ಇಡಬಾರದು ಅಂತ ಗೊತ್ತು. ಆದ್ರೆ ಹಿಂದೆ ಬರೋರಿಗೆ ದಾರಿ ಬಿಡಿಸಿ ಕೊಡೂದೂ ಸೇವೆನೇ ಅಂತ ನಮಗೆ ಕಲಿಸಿದ್ದು ಆ ಪ್ರತಿಮೆ.

ಇನ್ನೊಂದು ವಿಷ್ಯ. ಆ ನೌಕಾನೆಲೆ ಆಗೋಕೆ ನಮ್ಮ ಕರಾವಳಿಯ ಎಷ್ಟೋ ಊರಿನವರು ಮನೆ, ಗದ್ದೆ, ತೆಂಗಿನ ತೋಟ, ದೋಣಿ ಎಳೆದಿಡೋ ಜಾಗ ಎಲ್ಲ ಬಿಟ್ಟು ಎದ್ದು ಬಂದವರು. ನಮ್ಮ ಅಜ್ಜಿ ಬಾಯಲ್ಲಿ ಕೊನೆ ತನಕ ಆ ತೋಟದ ಬಾವಿ ನೀರಿನ ಸುದ್ದಿನೇ. ಅವಳು ದೇಶಭಕ್ತಿ ಅನ್ನೋ ಶಬ್ದ ಬಳಸಿದ್ದು ನಾನು ಕೇಳೇ ಇಲ್ಲ.

ಪ್ರಶ್ನೆ: ನಾನೊಬ್ಬ ಬಂದ್ರೆ ಎಂತ ಆಗ್ತದೆ?

ರಂಪಣಿ ಎಳೆಯೂದು ನೋಡಿದೀರಾ? ದೋಣೀಲಿ ಬಲೆ ತಗೊಂಡ್ಹೋಗಿ ಸಮುದ್ರದಲ್ಲಿ ಅರ್ಧ ಚಂದ್ರದ ಹಾಗೆ ಬಿಟ್ಟು ಬರ್ತಾರೆ, ಎರಡು ತುದಿ ಹಗ್ಗ ದಡದಲ್ಲಿ. ಎರಡೂ ಕಡೆ ಸಾಲಾಗಿ ನಿಂತು ಎಳೀಬೇಕು. ಹಿಂದಿನ ಕಾಲದಲ್ಲಿ ಇಡೀ ಕೇರಿಯೇ ಬರ್ತಿತ್ತು, ಹಗ್ಗಕ್ಕೆ ಕೈ ಹಾಕಿದ ಎಲ್ಲರಿಗೂ ಪಾಲು ಇತ್ತು, ಬಾಲದಲ್ಲಿ ನಿಂತ ಹುಡುಗನಿಗೂ ನಾಲ್ಕು ಬಂಗಡೆ ಸಿಕ್ತಿತ್ತು. ಒಬ್ಬ ಕೈ ಬಿಟ್ರೆ ಬಲೆ ಏನೂ ಹೋಗೂದಿಲ್ಲ, ನಿಜ. ಆದ್ರೆ ಒಬ್ಬೊಬ್ರೂ ಹಾಗೇ ಅಂದ್ಕೊಂಡ್ರೆ ಒಂದು ಕಡೆ ತುದಿ ಹಿಂದೆ ಬಿದ್ದು ಬಲೆ ಸೊಟ್ಟಾಗಿ ಮೀನೆಲ್ಲ ಆ ಸಂದಿಯಿಂದ ಹೋಗ್ತವೆ. ಬನ್ನಿ, ಹಗ್ಗ ಉದ್ದ ಇದೆ.

ಪ್ರಶ್ನೆ: ವಾರಕ್ಕೆ ಎಷ್ಟು ಟೈಮ್ ಕೊಡಬೇಕು?

ಎರಡು ತಾಸು. ಅದೂ ಪ್ರತಿ ವಾರ ಆಗ್ದಿದ್ರೆ ತಿಂಗಳಿಗೆ ಒಂದೇ ಭಾನುವಾರ ಬನ್ನಿ, ಆದ್ರೆ ಆ ಒಂದು ಭಾನುವಾರ ತಪ್ಪಿಸ್ಬೇಡಿ. ಶುರುವಿಗೆ ತಿಂಗಳಲ್ಲಿ ನಾಲ್ಕು ಸಲ ಬಂದು ಆಮೇಲೆ ಕಾಣೆಯಾದೋರಿಗಿಂತ ವರ್ಷಕ್ಕೆ ಹನ್ನೆರಡು ಸಲ ಬರೋರು ನಮಗೆ ದೊಡ್ಡವರು.

ಪ್ರಶ್ನೆ: ಬೀಚ್ ಕೆಲಸ ಅಂದ್ರೆ ಬರೀ ಪ್ಲಾಸ್ಟಿಕ್ ಹೆಕ್ಕೂದಾ?

ಅದೇ ಹೆಚ್ಚು. ಬಾಟ್ಲಿ, ಕುರ್ಕುರೆ ಪ್ಯಾಕೆಟ್, ಚಪ್ಪಲಿ (ಯಾವಾಗ್ಲೂ ಒಂದೇ ಕಾಲಿನದ್ದು), ಥರ್ಮೋಕೋಲ್. ಆದ್ರೆ ಎಲ್ಲಕ್ಕಿಂತ ಕೆಟ್ಟದ್ದು ಹರಿದು ಬಂದ ನೈಲಾನ್ ಬಲೆ. ಅದು ಅರ್ಧ ಮರಳಲ್ಲಿ ಹೂತಿರ್ತದೆ, ಎಳೆದ್ರೆ ಬರೂದಿಲ್ಲ, ಸುತ್ತ ಕೈಯಿಂದ ತೋಡಿ ತೋಡಿ ಕತ್ತಿಯಿಂದ ತುಂಡು ತುಂಡು ಮಾಡಿ ತೆಗೀಬೇಕು. ಹೋದ ವರ್ಷ ಹಾಗೆ ತೋಡುವಾಗ ಒಳಗೆ ಒಂದು ಕಡಲಾಮೆ ಸಿಕ್ತು. ಮುಂದಿನ ಕಾಲಿಗೆ ದಾರ ನಾಲ್ಕೈದು ಸುತ್ತು ಬಿಗಿದು ಚರ್ಮದ ಒಳಗೇ ಹೋಗಿಬಿಟ್ಟಿತ್ತು, ಕಣ್ಣು ಮಾತ್ರ ಮುಚ್ಚಿ ಬಿಡ್ತಿತ್ತು. ನಮ್ಮಲ್ಲಿರೋ ಹಿರಿ ಮೀನುಗಾರರೊಬ್ರು ತಮ್ಮ ಒದ್ದೆ ಪಂಚೆ ಅದ್ರ ಬೆನ್ನ ಮೇಲೆ ಹಾಕಿ, ಬ್ಲೇಡಲ್ಲಿ ಒಂದೊಂದೇ ಎಳೆ ಕೊಯ್ದ್ರು, ಅರ್ಧ ತಾಸು ಯಾರೂ ಮಾತಾಡ್ಲಿಲ್ಲ. ಆಮೇಲೆ ಅರಣ್ಯ ಇಲಾಖೆಯವರು ಬಂದು ತಗೊಂಡು ಹೋದ್ರು.

ನಮ್ಮ ಕಡೆ ಚಳಿಗಾಲ ಶುರುವಾದ ಮೇಲೆ ಆಲಿವ್ ರಿಡ್ಲೆ ಆಮೆಗಳು ರಾತ್ರಿ ದಡಕ್ಕೆ ಬಂದು ಮೊಟ್ಟೆ ಇಡ್ತವೆ, ಒಂದು ಗೂಡಲ್ಲಿ ನೂರರ ಆಸುಪಾಸು. ಮರಿ ಆಗೋಕೆ ಒಂದೂವರೆ ಎರಡು ತಿಂಗಳು. ಗೂಡು ಕಂಡ್ರೆ ಮುಟ್ಬೇಡಿ, ನಾಯಿ ಬರದ ಹಾಗೆ ನೋಡ್ಕೊಳ್ಳಿ, ಇಲಾಖೆಗೆ ಹೇಳಿ, ಅರಣ್ಯ ಸಹಾಯವಾಣಿ 1926. ಅವರು ಬಂದು ಸುತ್ತ ಬಲೆ ಕಟ್ಟಿ ಕಾಯ್ತಾರೆ. ಮರಿಗಳು ಹೊರಗೆ ಬಂದ ರಾತ್ರಿ ಬೆಳಕು ಇದ್ದ ಕಡೆ ತಿರುಗ್ತವೆ, ಅದಕ್ಕೇ ದಡದ ಮನೆಯವರು ಹೊರಗಿನ ಲೈಟ್ ಆಫ್ ಮಾಡಿದ್ರೆ ಅವಕ್ಕೆ ಸಮುದ್ರದ ದಾರಿ ಸಿಗ್ತದೆ. ಲೈಟ್ ಆಫ್ ಮಾಡೂದಕ್ಕಿಂತ ಸುಲಭದ ಸೇವೆ ನಂಗಂತೂ ಗೊತ್ತಿಲ್ಲ.

ಪ್ರಶ್ನೆ: ನೆರೆ ಬಂದಾಗ, ಗುಡ್ಡ ಕುಸಿದಾಗ ನಾವು ಕೂಡ್ಲೇ ಅಲ್ಲಿಗೆ ಓಡ್ಬೇಕಾ?

ಇದಕ್ಕೆ ಸ್ವಲ್ಪ ಉದ್ದ ಉತ್ತರ, ದಯವಿಟ್ಟು ಪೂರ್ತಿ ಓದಿ.

ಓಡ್ಬೇಡಿ. 2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಲ್ಲಿ ಹೈವೇ ಮೇಲೆ ಗುಡ್ಡ ಬಿದ್ದು ಗಂಗಾವಳಿ ನದಿಗೇ ಹೋಯ್ತು, ಆ ದಿನ ಇಡೀ ಜಿಲ್ಲೆ ನಿದ್ದೆ ಮಾಡ್ಲಿಲ್ಲ. ಅಂಥಾ ಜಾಗದಲ್ಲಿ ಟ್ರೇನಿಂಗ್ ಇಲ್ದೋರು ಹೋದ್ರೆ ಸಹಾಯ ಅಲ್ಲ, ಇನ್ನೊಂದು ತಾಪತ್ರಯ. ಗುಡ್ಡ ಮತ್ತೆ ಕುಸೀಬಹುದು, ನೀರಿನ ಸೆಳೆತ ಮೇಲಿಂದ ಕಾಣೂದಿಲ್ಲ, ಮತ್ತೆ ಬೈಕ್ ಸಾಲಾಗಿ ನಿಲ್ಸಿ ವಿಡಿಯೋ ಮಾಡ್ತಾ ನಿಂತ್ರೆ ಆಂಬುಲೆನ್ಸು ಜೆಸಿಬಿ ಬರೋಕೆ ಜಾಗ ಇರೂದಿಲ್ಲ. ನಿಮಗೆ ನಿಜವಾಗ್ಲೂ ಅಂಥಾ ಕೆಲಸ ಮಾಡೋ ಮನಸ್ಸಿದ್ರೆ ಆಪದ ಮಿತ್ರ ಅಂತ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಯೋಜನೆ ಇದೆ, ಸಾಮಾನ್ಯ ಜನರಿಗೇ ಟ್ರೇನಿಂಗ್ ಕೊಡ್ತಾರೆ, ಗೃಹರಕ್ಷಕ ದಳ ಇದೆ. ಡಿಸಿ ಆಫೀಸಿನ ವಿಪತ್ತು ವಿಭಾಗದಲ್ಲಿ ಹೋಗಿ ವಿಚಾರಿಸಿ. ಮಳೆಗಾಲಕ್ಕೆ ಮೊದ್ಲು ಹೋಗಿ, ಮಳೆ ಬಂದ ಮೇಲೆ ಅವರಿಗೆ ತಲೆ ಎತ್ತೋಕೆ ಪುರಸೊತ್ತಿರೂದಿಲ್ಲ. ಜಿಲ್ಲಾ ಕಂಟ್ರೋಲ್ ರೂಮಿನ ನಂಬರ್ 1077, ತುರ್ತಿಗೆ 112, ಎರಡೂ ಈಗ್ಲೇ ಫೋನಲ್ಲಿ ಸೇವ್ ಮಾಡಿ.

ಹಾಗಾದ್ರೆ ಉಳಿದೋರು ಎಂತ ಮಾಡೂದು? ಮನೆ ಬಿಟ್ಟು ಬಂದೋರನ್ನ ಇರಿಸೋ ಕಾಳಜಿ ಕೇಂದ್ರದಲ್ಲಿ ಬೇಕಾದಷ್ಟು ಕೆಲಸ ಇರ್ತದೆ. 2019ರ ಆಗಸ್ಟಲ್ಲಿ ಕದ್ರಾ ಡ್ಯಾಂ ನೀರು ಬಿಟ್ಟು ಕಾಳಿ ಹೊಳೆ ಬದಿ ಊರಿಗೆಲ್ಲ ನೀರು ನುಗ್ಗಿದಾಗ ನಾವು ಮೊದಲ ಸಲ ಹೋಗಿದ್ದು, ಏನೂ ಗೊತ್ತಿರ್ಲಿಲ್ಲ. ಟೆಂಪೋ ತುಂಬಾ ಹಳೆ ಬಟ್ಟೆ ತಗೊಂಡ್ಹೋದ್ವಿ. ಅಲ್ಲಿ ಆಗ್ಲೇ ಒಂದು ಕೋಣೆ ತುಂಬಾ ಹಳೆ ಬಟ್ಟೆ ರಾಶಿ ಬಿದ್ದಿತ್ತು, ಅರ್ಧ ಒದ್ದೆಯಾಗಿ ವಾಸನೆ ಹೊಡೀತಿತ್ತು. ಮೂಲೇಲಿ ಒಬ್ಬ ಅಜ್ಜಿ ಕೂತಿದ್ರು, ಅವರಿಗೆ ಸೀರೆ ಬೇಡ, ಅನ್ನ ಬೇಡ, ಬಿಪಿ ಗುಳಿಗೆ ಬೇಕು, ಹೆಸರು ಗೊತ್ತಿಲ್ಲ, "ಸಣ್ಣದು, ಗುಲಾಬಿ ಬಣ್ಣದ್ದು, ಬೆಳಿಗ್ಗೆ ಒಂದು" ಅಂತ ಅಷ್ಟೇ ಹೇಳ್ತಿದ್ರು. ಚೀಟಿ ಹೊಳೇಲಿ ಹೋಗಿತ್ತು. ನಮ್ಮ ಜೊತೆ ಬಂದ ಒಂದು ಹುಡುಗಿ ಆ ಊರಿನ ಆಶಾ ಕಾರ್ಯಕರ್ತೆ ಯಾರು ಅಂತ ಹುಡುಕಿ, ಅವರ ವಹಿಯಲ್ಲಿ ಅಜ್ಜಿ ಗುಳಿಗೆ ಹೆಸರು ನೋಡಿ, ಡಾಕ್ಟರಿಗೆ ತೋರಿಸಿ ಸಂಜೆಯೊಳಗೆ ತಂದು ಕೊಟ್ಟಳು. ನಮ್ಮ ಇಡೀ ಟೆಂಪೋ ಲೋಡಿಗಿಂತ ಆ ಒಂದು ಸ್ಟ್ರಿಪ್ ಗುಳಿಗೆ ಹೆಚ್ಚು ಕೆಲಸಕ್ಕೆ ಬಂತು.

ಆವತ್ತಿಂದ ನಾವು ಮೊದ್ಲು ಫೋನ್ ಮಾಡಿ ಕೇಳ್ತೇವೆ, ಎಂತ ಬೇಕು ಅಂತ. ಹೆಚ್ಚಾಗಿ ಬೇಕಾಗೂದು ಹೊಸ ಒಳಬಟ್ಟೆ, ಪ್ಯಾಡು, ಚಾಪೆ, ಸೊಳ್ಳೆ ಬತ್ತಿ, ಟಾರ್ಚು, ಮಕ್ಕಳ ಹಾಲಿನ ಪುಡಿ. ನೀರು ಇಳಿದ ಮೇಲೆ ಬಾವಿ ತೊಳೆಯೂದು, ಮನೆ ಒಳಗಿನ ಕೆಸರು ತೆಗೆಯೂದು, ಪರಿಹಾರದ ಅರ್ಜಿ ಬರೆದು ಕೊಡೂದು. ಆ ಹೊತ್ತಿಗೆ ಕ್ಯಾಮೆರಾ ಎಲ್ಲ ವಾಪಸ್ ಹೋಗಿರ್ತವೆ, ಜನ ಬೇಕಾಗೂದು ಆಗ್ಲೇ.

ಪ್ರಶ್ನೆ: ಹೈವೇಲಿ ಆಕ್ಸಿಡೆಂಟ್ ಆದ್ರೆ ಮುಟ್ಟೋಕೆ ಹೆದರಿಕೆ, ಪೊಲೀಸ್ ಕೇಸು, ಕೋರ್ಟು ಅಂತ ಓಡಾಡಿಸ್ತಾರಲ್ಲ?

ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಗಿ 134ಎ ಕಲಂ ಬಂದಿದೆ, ಒಳ್ಳೆ ಮನಸ್ಸಿಂದ ಗಾಯಾಳುಗೆ ಸಹಾಯ ಮಾಡಿದೋರ ಮೇಲೆ ಅದೇ ಕಾರಣಕ್ಕೆ ಕೇಸು ಹಾಕೋಕೆ ಬರೂದಿಲ್ಲ. ಹೆಸರು ವಿಳಾಸ ಕೊಡಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ, ಸಾಕ್ಷಿ ಆಗೂದು ಬಿಡೂದು ನಿಮ್ಮ ಇಷ್ಟ, ಆಸ್ಪತ್ರೆಯವರು ನಿಮ್ಮನ್ನ ಹಿಡಿದು ದುಡ್ಡು ಕಟ್ಟಿ ಅನ್ನುವಂತಿಲ್ಲ. ನಮ್ಮ ಜಿಲ್ಲೇಲಿ ದೊಡ್ಡ ಗಾಯ ಅಂದ್ರೆ ಮಣಿಪಾಲಕ್ಕೋ ಗೋವಾಕ್ಕೋ ಹುಬ್ಬಳ್ಳಿಗೋ ಹೋಗ್ಬೇಕಾದ ಪರಿಸ್ಥಿತಿ, ಇಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ. 2024ರ ಆಗಸ್ಟ್ 6ರ ನಡುರಾತ್ರಿ ದಾಟಿದ ಮೇಲೆ ಕಾಳಿ ಹೊಳೆಯ ಹಳೆ ಸೇತುವೆ ಕುಸಿದು ಲಾರಿ ನೀರಿಗೆ ಬಿತ್ತಲ್ಲ, ಆ ಕತ್ತಲೆಯಲ್ಲಿ ಡ್ರೈವರ್‌ನ ಹೊರಗೆ ತಂದಿದ್ದು ಇಲ್ಲಿನ ಮೀನುಗಾರರು, ಪೊಲೀಸರು ಸೇರಿ. ಅವರು ಯಾವ ಊರಿನವ, ಯಾವ ಭಾಷೆಯವ ಅಂತ ಕೇಳ್ತಾ ನಿಲ್ಲಲಿಲ್ಲ.

ಪ್ರಶ್ನೆ: ರಕ್ತ ಯಾರು ಕೊಡಬಹುದು?

18ರಿಂದ 65 ವಯಸ್ಸು, ತೂಕ 45 ಕೆಜಿಗಿಂತ ಕಮ್ಮಿ ಇರಬಾರದು, ಹಿಮೋಗ್ಲೋಬಿನ್ 12.5 ಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಉಳಿದದ್ದು ಅಲ್ಲೇ ಡಾಕ್ಟರ್ ನೋಡಿ ಹೇಳ್ತಾರೆ. ಒಂದೇ ವಿನಂತಿ, ವಾಟ್ಸಾಪಲ್ಲಿ ರಕ್ತ ಬೇಕು ಅನ್ನೋ ಮೆಸೇಜ್ ಬಂದ್ರೆ ದಿನಾಂಕ ನೋಡಿ, ಆ ಮೆಸೇಜಲ್ಲಿರೋ ನಂಬರಿಗೆ ಒಂದು ಕಾಲ್ ಮಾಡಿ ಆಮೇಲೆ ಕಳಿಸಿ. ಎರಡು ವರ್ಷದ ಹಿಂದಿನ ಮೆಸೇಜು ಇನ್ನೂ ತಿರುಗ್ತಾ ಇದೆ, ಆ ರೋಗಿ ತೀರ್ಕೊಂಡಿದಾರೆ, ಮನೆಯವರಿಗೆ ಇವತ್ತೂ ಫೋನ್ ಹೋಗ್ತದೆ.

ಪ್ರಶ್ನೆ: ಆಗಸ್ಟ್ 15ಕ್ಕೆ ನೀವು ಏನು ಕಾರ್ಯಕ್ರಮ ಮಾಡ್ತೀರಿ?

ಬೆಳಿಗ್ಗೆ ಎಲ್ಲರೂ ಅವರವರ ಶಾಲೆ, ಆಫೀಸು, ಓಣಿಯ ಧ್ವಜಾರೋಹಣಕ್ಕೆ ಹೋಗ್ತಾರೆ. ನಾವು ಸೇರೂದು ಸಂಜೆ ನಾಲ್ಕು ಗಂಟೆಗೆ, ಬಿದ್ದ ಬಾವುಟ ಹೆಕ್ಕೋಕೆ. ಆಗಸ್ಟ್ ಅಂದ್ರೆ ಇಲ್ಲಿ ಮಳೆ, ಕಾಗದದ ಬಾವುಟ ಒದ್ದೆಯಾಗಿ ಡಾಂಬರಿಗೆ ಅಂಟಿಕೊಂಡಿರ್ತದೆ. ಎಳೆದ್ರೆ ಸರೀ ನಡು ಚಕ್ರದ ಹತ್ರನೇ ಹರೀತದೆ, ಹಾಗಾಗಿ ಒಂದು ಮೂಲೆಗೆ ಉಗುರು ಕೊಟ್ಟು ಮೆಲ್ಲ ಮೆಲ್ಲ ಎಬ್ಬಿಸ್ಬೇಕು. ಮಕ್ಕಳಿಗೆ ಈ ಕೆಲಸ ನಮಗಿಂತ ಚೆನ್ನಾಗಿ ಬರ್ತದೆ. ಎಲ್ಲ ಒಂದು ಬಿಳಿ ಬಟ್ಟೇಲಿ ಕಟ್ಟಿ, ಒಣಗಿಸಿ, ಮಾಜಿ ಸೈನಿಕರ ಮನೆ ಹಿತ್ಲಲ್ಲಿ ಮರ್ಯಾದೆಯಿಂದ ಸುಡ್ತೇವೆ. ಧ್ವಜ ಸಂಹಿತೆ ಹೇಳೂದೂ ಅದನ್ನೇ, ಹಾಳಾದ ಧ್ವಜನ ಖಾಸಗಿಯಾಗಿ, ಗೌರವದಿಂದ, ಸುಟ್ಟು ವಿಲೇವಾರಿ ಮಾಡಬೇಕು ಅಂತ.

ಮನೆ ಮೇಲೆ ಹಾರಿಸೋರಿಗೆ: 2022ರಿಂದ ರಾತ್ರಿನೂ ಹಾರಿಸಬಹುದು, ಆದ್ರೆ ಹರಿದದ್ದು, ಬಣ್ಣ ಹೋದದ್ದು ಇಡಬಾರದು. ಕೇಸರಿ ಮೇಲೆ, ಉದ್ದ ಅಗಲ 3ಕ್ಕೆ 2. ಪ್ಲಾಸ್ಟಿಕ್ ಬಾವುಟ ತರಲೇಬೇಡಿ. ಖಾದಿಯದ್ದು ಬೇಕಂದ್ರೆ ನಮ್ಮ ಪಕ್ಕದ ಹುಬ್ಬಳ್ಳಿಯ ಬೆಂಗೇರಿಯಲ್ಲೇ ತಯಾರಾಗ್ತದೆ, ಒಂದು ತಗೊಂಡು ಜೋಪಾನವಾಗಿ ಇಟ್ಕೊಂಡ್ರೆ ವರ್ಷಗಟ್ಟಲೆ ಬರ್ತದೆ.

ಪ್ರಶ್ನೆ: ನಾವು ಮೀನುಗಾರರು, ರಜೆ ಅಂತ ಇಲ್ಲ, ನಮ್ಮಿಂದ ಎಂತ ಸೇವೆ ಆಗ್ತದೆ?

ನೀವು ದಿನಾ ಮಾಡ್ತಾ ಇದೀರಿ. 2008ರಲ್ಲಿ ಮುಂಬೈಗೆ ಉಗ್ರರು ಬಂದಿದ್ದು ಸಮುದ್ರದ ದಾರೀಲಿ, ಒಂದು ಮೀನುಗಾರಿಕೆ ದೋಣಿಯನ್ನೇ ಹಿಡಿದುಕೊಂಡು. ಗುರುತಿನ ಚೀಟಿ, ದೋಣಿಗೆ ಬಣ್ಣದ ಗುರುತು ಎಲ್ಲ ಬಿಗಿ ಆಗಿದ್ದು ಅದರಿಂದ. ಹತ್ತಾರು ಮೈಲು ಒಳಗೆ ಹೊಸ ದೋಣಿ ಕಂಡ್ರೆ, ಲೈಟ್ ಇಲ್ದೇ ನಿಂತ ಬೋಟ್ ಕಂಡ್ರೆ ಮೊದ್ಲು ಗೊತ್ತಾಗೂದು ನಿಮಗೇ. ಕರಾವಳಿ ಕಾವಲು ಪೊಲೀಸರಿಗೆ 1093, ಸಮುದ್ರದಲ್ಲಿ ಜೀವಕ್ಕೆ ಅಪಾಯ ಅಂದ್ರೆ ಕೋಸ್ಟ್ ಗಾರ್ಡ್ 1554. ಚೀಟಿ ಜೊತೇಲಿರ್ಲಿ. ಮತ್ತೆ ಲೈಫ್ ಜಾಕೆಟ್. 2019ರ ಜನವರಿ 21ಕ್ಕೆ ಕೂರ್ಮಗಡ ಜಾತ್ರೆಗೆ ಹೋದ ದೋಣಿ ಮಗುಚಿ 16 ಜನ ಹೋದ್ರು, ಮಕ್ಕಳೂ ಇದ್ರು, ಅದನ್ನ ಕಾರವಾರದವರು ಯಾರೂ ಮರೆಯೂದಿಲ್ಲ. ಜಾತ್ರೆ ದಿನ ದಡದಲ್ಲಿ ನಿಂತು, ಜಾಕೆಟ್ ಹಾಕದೋರನ್ನ ಹತ್ತಿಸ್ಬೇಡಿ, ಲೆಕ್ಕಕ್ಕಿಂತ ಹೆಚ್ಚು ಜನ ಬೇಡ ಅಂತ ಹೇಳೋಕೂ ನಮಗೆ ವಾಲಂಟಿಯರ್ ಬೇಕು. ಬೈಸ್ಕೊಳ್ಳೋ ಕೆಲಸ ಅದು, ಆದ್ರೂ ಬೇಕು.

ಪ್ರಶ್ನೆ: ನಾವು ಘಟ್ಟದ ಮೇಲಿನವರು, ಶಿರಸಿ ಸಿದ್ದಾಪುರ ಕಡೆ. ಅಲ್ಲಿ ಬೀಚಿಲ್ಲ!

ನಿಮ್ಮಲ್ಲಿ ಕಾಡಿದೆ. ಬೇಸಿಗೇಲಿ ಕಾಡಿಗೆ ಬೆಂಕಿ ಬೀಳದ ಹಾಗೆ ನೋಡೂದು ಒಂದು. ಇನ್ನೊಂದು ಮಂಗನ ಕಾಯಿಲೆ, ಕಾಡಿನ ಉಣುಗು ಕಚ್ಚಿ ಬರೋ ಜ್ವರ. ಎಲ್ಲಾದ್ರೂ ಸತ್ತ ಮಂಗ ಕಂಡ್ರೆ ಮುಟ್ಟದೇ ಕೂಡ್ಲೇ ಪಂಚಾಯ್ತಿಗೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೇಳಿ, ಆ ಒಂದು ಫೋನಿಂದ ಇಡೀ ಊರು ಉಳೀಬಹುದು. ಸೊಪ್ಪಿಗೆ, ದರಕಿಗೆ ಕಾಡಿಗೆ ಹೋಗೋ ಹೆಂಗಸರಿಗೆ ಉಣುಗು ಕಚ್ಚದ ಹಾಗೆ ಹಚ್ಚೋ ಎಣ್ಣೆ ಆರೋಗ್ಯ ಕೇಂದ್ರದಲ್ಲಿ ಕೊಡ್ತಾರೆ, ಮನೆ ಮನೆಗೆ ಮುಟ್ಟಿಸೋಕೆ ಆಶಾ ಒಬ್ರಿಂದ ಆಗೂದಿಲ್ಲ, ಜೊತೆಗೆ ಹೋಗಿ.

ಪ್ರಶ್ನೆ: ಇದೆಲ್ಲ ಸರ್ಕಾರದ ಕೆಲಸ ಅಲ್ವಾ? ನಾವು ಟ್ಯಾಕ್ಸ್ ಕಟ್ಟೂದಿಲ್ವಾ?

ಹೌದು, ಸರ್ಕಾರದ ಕೆಲಸನೂ ಹೌದು, ಅದನ್ನ ಕೇಳ್ಲೇಬೇಕು. ನಾವು ಗಟಾರ ಬಿಡಿಸ್ತೇವೆ ಅಂತ ಗಟಾರ ಯಾಕೆ ಕಟ್ಟಿತು ಅಂತ ಕೇಳೂದು ಬಿಟ್ಟಿಲ್ಲ. ಗ್ರಾಮಸಭೆಗೆ ಹೋಗಿ, ಮಕ್ಕಳ ಶಾಲೆಯ ಎಸ್‌ಡಿಎಂಸಿ (ಶಾಲಾ ಮೇಲುಸ್ತುವಾರಿ ಸಮಿತಿ) ಮೀಟಿಂಗಿಗೆ ಹೋಗಿ, ಮಾಹಿತಿ ಹಕ್ಕಿನ ಅರ್ಜಿ ಹಾಕಿ, ವೋಟರ್ ಲಿಸ್ಟಲ್ಲಿ ಹೆಸರಿಲ್ದಿದ್ರೆ ಫಾರ್ಮ್ 6 ತುಂಬಿ. ಪ್ರಶ್ನೆ ಕೇಳಿದ್ರೆ ದೇಶದ್ರೋಹ ಅನ್ನೋ ಮಾತು ನಮ್ಮ ಜಿಲ್ಲೇಲಿ ನಡೆಯೂದಿಲ್ಲ. 1930ರ ಏಪ್ರಿಲ್ 13ಕ್ಕೆ ಅಂಕೋಲಾದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳ್ತನದಲ್ಲಿ ಉಪ್ಪಿನ ಕಾಯ್ದೆ ಮುರಿದ್ರು, ಆಮೇಲೆ ಅಂಕೋಲಾ, ಸಿದ್ದಾಪುರದ ರೈತರು ಕರ ಕೊಡೂದಿಲ್ಲ ಅಂತ ಕೂತು ಗದ್ದೆ ತೋಟ ಕಳ್ಕೊಂಡ್ರು. ಗುಜರಾತಿನ ಬಾರ್ಡೋಲಿಯ ರೈತರೂ ಹೀಗೇ ಕರ ಕೊಡೂದಿಲ್ಲ ಅಂದಿದ್ರು, ಅಂಕೋಲಾಕ್ಕೆ ಕರ್ನಾಟಕದ ಬಾರ್ಡೋಲಿ ಅಂತ ಹೆಸರು ಬಂದಿದ್ದು ಸುಮ್ಮನೆ ಅಲ್ಲ. ಸ್ವಾತಂತ್ರ್ಯ ಬಂದ ಮೇಲೂ 1983ರ ಸೆಪ್ಟೆಂಬರ್ 8ಕ್ಕೆ ಶಿರಸಿಯ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಮರ ತಬ್ಬಿ ನಿಂತ್ರು, ಕಡಿಯೂದು ನಿಲ್ಲಿಸಿದ್ರು, ಅದೇ ಅಪ್ಪಿಕೋ. ಸಂವಿಧಾನದ 51ಎ ವಿಧಿಯಲ್ಲಿ ಮೂಲಭೂತ ಕರ್ತವ್ಯ ಅಂತ ಬರೆದಿದಾರಲ್ಲ, ಕಾಡು, ನದಿ ಕಾಪಾಡೂದು, ಸಾರ್ವಜನಿಕ ಆಸ್ತಿ ಉಳಿಸೂದು ಅಂತ, ಅದನ್ನ ಓದಿದಾಗೆಲ್ಲ ನಂಗೆ ಆ ರೈತರು, ಆ ಮರ ತಬ್ಬಿದವರೇ ನೆನಪಾಗ್ತಾರೆ.

ಪ್ರಶ್ನೆ: ನಂಗೆ ಓದು ಬರೂದಿಲ್ಲ, ವಯಸ್ಸೂ ಆಯ್ತು, ಬರಬಹುದಾ?

ತುಳಸಿ ಗೌಡರು ಶಾಲೆ ಮೆಟ್ಟಿಲು ಹತ್ತಿದವರಲ್ಲ. ಅಂಕೋಲಾದ ಹೊನ್ನಳ್ಳಿಯವರು, ಅರಣ್ಯ ಇಲಾಖೆ ನರ್ಸರಿಯಲ್ಲಿ ದಿನಗೂಲಿಗೆ ಸೇರಿ ಬೀಜ ಹೆಕ್ಕಿ, ಸಸಿ ಮಾಡಿ, ದಶಕಗಟ್ಟಲೆ ಅದೊಂದೇ ಕೆಲಸ ಮಾಡಿದ್ರು, ಪದ್ಮಶ್ರೀ ತಗೊಳ್ಳೋಕೆ ದೆಹಲಿಗೆ ಬರಿಗಾಲಲ್ಲೇ ಹೋದ್ರು. ಬಡಿಗೇರಿಯ ಸುಕ್ರಿ ಬೊಮ್ಮ ಗೌಡರು ತಮ್ಮ ಹಾಲಕ್ಕಿ ಜನಾಂಗದ ಹಾಡು ಉಳಿಸಿದ್ರು, ಊರಲ್ಲಿ ಸಾರಾಯಿ ವಿರುದ್ಧ ಹೆಂಗಸರನ್ನ ಕಟ್ಕೊಂಡು ನಿಂತ್ರು. ಇಬ್ರೂ ಈಗ ಇಲ್ಲ, 2024ರ ಡಿಸೆಂಬರಲ್ಲಿ ಒಬ್ರು, 2025ರ ಫೆಬ್ರವರಿಯಲ್ಲಿ ಒಬ್ರು ಹೋದ್ರು. ಅಮ್ಮ, ನೀವು ಬನ್ನಿ. ನಮ್ಮ ಹುಡುಗರಿಗೆ ಯಾವ ಬೀಜ ಯಾವ ತಿಂಗಳಲ್ಲಿ ಬಿತ್ತಬೇಕು ಅಂತ ಹೇಳೋರು ಬೇಕು.

ಪ್ರಶ್ನೆ: ಕನ್ನಡ ಸರಿ ಬರೂದಿಲ್ಲ, ಮನೇಲಿ ಕೊಂಕಣಿ.

ನಮ್ಮಲ್ಲಿ ಅರ್ಧ ಜನರ ಮನೇಲಿ ಕೊಂಕಣಿನೇ. ಬನ್ನಿ.

ಪ್ರಶ್ನೆ: ಸರ್ಟಿಫಿಕೇಟ್ ಕೊಡ್ತೀರಾ?

ಇಲ್ಲ. ಕಾಲೇಜಿನವರಿಗೆ ಬೇಕಂದ್ರೆ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಸೇರಿ, 1969ರಿಂದ ಇದೆ, ಎರಡು ವರ್ಷದಲ್ಲಿ 240 ತಾಸು ಕೆಲಸ, ಒಂದು ಏಳು ದಿನದ ಶಿಬಿರ. ಎನ್ನೆಸ್ಸೆಸ್ ಮುಗಿಸಿ ನಮ್ಮಲ್ಲಿಗೆ ಬಂದ ಮಕ್ಕಳಿಗೆ ಸಲಿಕೆ ಹಿಡಿಯೂದು ಹೇಳಿಕೊಡ್ಬೇಕಂತ ಇರೂದಿಲ್ಲ.

ಪ್ರಶ್ನೆ: ಫೋಟೋ ಹಾಕಬಹುದಾ?

ಕೆಲಸ ಮುಗಿದ ಮೇಲೆ, ಜಾಗದ್ದು ಹಾಕಿ. ಅಕ್ಕಿ ತಗೊಳ್ಳೋರ, ಕಾಳಜಿ ಕೇಂದ್ರದಲ್ಲಿ ಮಲಗಿದೋರ ಮುಖ ಯಾವ ಕಾರಣಕ್ಕೂ ಬೇಡ. ಇದೊಂದರಲ್ಲಿ ನಾವು ತುಂಬಾ ಕಟ್ಟುನಿಟ್ಟು, ಹೇಳಿದ ಮೇಲೂ ಹಾಕಿದೋರನ್ನ ಗ್ರೂಪಿಂದ ತೆಗೆದಿದೀವಿ.

ಪ್ರಶ್ನೆ: ಸರಿ, ಈ ಭಾನುವಾರ ಬರ್ತೇನೆ. ಎಲ್ಲಿ, ಎಷ್ಟು ಗಂಟೆಗೆ, ಎಂತ ತರ್ಲಿ?

ಬೆಳಿಗ್ಗೆ ಆರೂವರೆ, ಟಾಗೋರ್ ಬೀಚಲ್ಲಿ ಚಪಲ್ ಮ್ಯೂಸಿಯಂ ಎದುರಿಗೆ, ರಾಣೆಯವರ ಪ್ರತಿಮೆ ಹತ್ರ. ದಪ್ಪ ಕೈಗವಸು, ಮುಚ್ಚಿದ ಚಪ್ಪಲಿ ಅಥವಾ ಶೂ, ನೀರಿನ ಬಾಟ್ಲಿ, ಟೊಪ್ಪಿ. ಬಲೆ ಕೊಯ್ಯೋಕೆ ಹಳೆ ಕತ್ತಿ ಇದ್ರೆ ತನ್ನಿ. ಜೂನ್ ಶುರುವಿಂದ ನೀರಿನ ಹತ್ರ ಹೋಗೂದಿಲ್ಲ, ಆಗ ಪೇಟೆ ಒಳಗೆ ಗಟಾರದ ಬಾಯಿ ಬಿಡಿಸೋ ಕೆಲಸ ಇರ್ತದೆ, ಅದಕ್ಕೆ ಗಮ್ ಬೂಟು ಬೇಕು, ನಮ್ಮ ಹತ್ರ ಆರು ಜೊತೆ ಇದೆ, ನಿಮ್ಮ ಕಾಲಿನ ಅಳತೆ ಶನಿವಾರವೇ ತಿಳಿಸಿ. ತಿಂಡಿ ಎಂಟೂವರೆಗೆ, ಅವಲಕ್ಕಿ ಮತ್ತೆ ಚಾ.